ಗುದ್ದಿದ ಕಾರಿಗೆ ಸಾಲ ಹುಟ್ಟುವುದಿಲ್ಲ

ಬೆಂಗಳೂರಿನ ಸಣ್ಣದೊಂದು ವಿದ್ಯುತ್ ಕಾರು ಕಂಪನಿಯ ಲೆಕ್ಕಪತ್ರ ನನ್ನ ಪಾಲಿನ ಕೆಲಸ. ನಮ್ಮ ಕಷ್ಟವೆಂದರೆ ಬ್ಯಾಟರಿ, ಚಾರ್ಜಿಂಗ್ ಎಂದೇ ಹೆಚ್ಚಿನವರು ಭಾವಿಸಿದ್ದಾರೆ. ನನ್ನ ಮೇಜಿಗೆ ಬರುವ ಕಷ್ಟ ಬೇರೆ: ಕೋಟಿಗಟ್ಟಲೆ ಖರ್ಚಾಗುತ್ತದೆ, ಅಡವಿಡಲು ಏನೂ ಉಳಿಯುವುದಿಲ್ಲ.

ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಮಾರಾಟಕ್ಕೆ ಮೊದಲು ಮಾದರಿ ವಾಹನವನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಬೇಕು. ಎದುರು ಡಿಕ್ಕಿಯ ಪರೀಕ್ಷೆಯಲ್ಲಿ ಅದು ಗಂಟೆಗೆ 56 ಕಿ.ಮೀ. ವೇಗದಲ್ಲಿ ತಡೆಗೋಡೆಗೆ ಗುದ್ದುತ್ತದೆ. ಬಹುಪಾಲು ಕೈಯಲ್ಲೇ ಕಟ್ಟಿದ ಆ ಮಾದರಿ ಮಾರುಕಟ್ಟೆ ಬೆಲೆಯ ಹಲವು ಪಟ್ಟು ನುಂಗಿರುತ್ತದೆ, ಮರುಕ್ಷಣ ಗುಜರಿ. ಲಕ್ಷಗಟ್ಟಲೆ ಕಾರು ಮಾಡುವವರಿಗೂ ಇದೇ ಪರೀಕ್ಷೆ, ಐನೂರು ಮಾಡುವವರಿಗೂ ಇದೇ. ನಿಯಮವನ್ನು ನಾನು ದೂರುವುದಿಲ್ಲ. ಒಳಗೆ ಕುಳಿತವರ ಪಕ್ಕೆಲುಬಿಗೆ ಕಂಪನಿಯ ಗಾತ್ರ ಕಟ್ಟಿಕೊಂಡು ಏನಾಗಬೇಕು? ಆದರೆ ಬ್ಯಾಂಕಿನವರು ಕೇಳುವುದು ಒಂದೇ: "ಯಂತ್ರ, ಜಾಗ ಏನಿದೆ ಸರ್?"

ಇನ್ನು ಜಿಎಸ್‌ಟಿ. 2019ರ ಆಗಸ್ಟ್‌ನಿಂದ ವಿದ್ಯುತ್ ವಾಹನಕ್ಕೆ ಶೇ 5 ಎಂದು ಎಲ್ಲರೂ ಹೊಗಳುತ್ತಾರೆ. ಕೊಳ್ಳುವವರಿಗೆ ಸರಿಯೇ. ನಾವು ಬಿಡಿಭಾಗಗಳಿಗೆ ಶೇ 18 ತೆತ್ತು ಕಾರಿನ ಮೇಲೆ 5 ವಸೂಲು ಮಾಡುತ್ತೇವೆ. ಹೆಚ್ಚುವರಿಯನ್ನು ಮರುಪಾವತಿಯಾಗಿ ಕೇಳಬಹುದು, ಆದರೆ ಕಚ್ಚಾವಸ್ತು, ಬಿಡಿಭಾಗಗಳ ಮಟ್ಟಿಗೆ ಮಾತ್ರ. ಪರೀಕ್ಷಾ ಶುಲ್ಕ ಸೇವೆಯ ಲೆಕ್ಕಕ್ಕೆ ಹೋಗುತ್ತದೆ, ಬಿಡಿಭಾಗಗಳಿಗೆ ಆಕಾರ ಕೊಡುವ ಅಚ್ಚು ಬಂಡವಾಳ ಸರಕಿನ ಲೆಕ್ಕಕ್ಕೆ. ಎರಡಕ್ಕೂ ಆ ಮರುಪಾವತಿ ಇಲ್ಲ. ಸೇವೆಗಳನ್ನು ಹೊರಗಿಟ್ಟದ್ದು ಸರಿಯೆಂದು ಸುಪ್ರೀಂ ಕೋರ್ಟ್ ಕೂಡ 2021ರಲ್ಲಿ ಹೇಳಿಬಿಟ್ಟಿತು. ಸಣ್ಣ ಕಂಪನಿಯ ಆರಂಭದ ಹಣವೆಲ್ಲ ಸುರಿಯುವುದೇ ಈ ಎರಡಕ್ಕೆ. ತೆರಿಗೆ ಪೋರ್ಟಲ್ ತೆರೆದರೆ ನಮ್ಮ ಹೆಸರಿನಲ್ಲೇ ಆ ಮೊತ್ತ ಕಾಣುತ್ತದೆ, ಸಂಬಳಕ್ಕೆ ಒದಗುವುದಿಲ್ಲ. ಕನ್ನಡಿಯೊಳಗಿನ ಗಂಟು.

ಪ್ರೋತ್ಸಾಹಧನದ ಮಾತು ಬೇಗ ಮುಗಿಸುತ್ತೇನೆ. ವಿದ್ಯುತ್ ವಾಹನಗಳಿಗೆ ಕೇಂದ್ರ ಸರ್ಕಾರ ತಂದ 2019ರ ಫೇಮ್-2 ಯೋಜನೆಯಲ್ಲಿ ಖಾಸಗಿ ಬಳಕೆಯ ವಿದ್ಯುತ್ ಕಾರಿಗೆ ಪಾಲಿರಲಿಲ್ಲ. ನಂತರ ಬಂದ 2024ರ ಪಿಎಂ ಇ-ಡ್ರೈವ್‌ನಲ್ಲಿ ಕಾರುಗಳೇ ಇಲ್ಲ. 25,938 ಕೋಟಿ ರೂಪಾಯಿಯ ಪಿಎಲ್‌ಐ (ಉತ್ಪಾದನೆಗೆ ತಕ್ಕಂತೆ ಕೊಡುವ ಪ್ರೋತ್ಸಾಹಧನ) ಯೋಜನೆಯಲ್ಲಿ ವಾಹನ ತಯಾರಕರಿಗೆ 10,000 ಕೋಟಿಯ ವಹಿವಾಟು ಬೇಕಿತ್ತು. ಕ್ಷೇತ್ರಕ್ಕೆ ಹೊಸಬರಾದರೆ 1,000 ಕೋಟಿಯ ನಿವ್ವಳ ಸಂಪತ್ತು. ಅಷ್ಟಿದ್ದರೆ ಅರ್ಜಿ ಏಕೆ ಬೇಕಿತ್ತು!

ಡಿಕ್ಕಿ ಪರೀಕ್ಷೆಯಿಲ್ಲದ ದಾರಿಯೂ ಒಂದಿತ್ತು. 2001ರಲ್ಲಿ ಇದೇ ಊರಿನಿಂದ ಹೊರಟ ವಿದ್ಯುತ್ ಕಾರು ರೇವಾ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿದ್ದು ಕ್ವಾಡ್ರಿಸೈಕಲ್, ಅಂದರೆ ಹಗುರ ನಾಲ್ಕು ಚಕ್ರದ ವಾಹನದ ವರ್ಗದಲ್ಲಿ. ಬ್ಯಾಟರಿ ಬಿಟ್ಟು 400 ಕಿಲೋ ಮೀರದ ಆ ವರ್ಗಕ್ಕೆ ಡಿಕ್ಕಿ ಪರೀಕ್ಷೆ ಕಡ್ಡಾಯವಿರಲಿಲ್ಲ. ಮಾರುಕಟ್ಟೆಯ ಬಾಗಿಲು ತೆರೆಯಿತು, ಸುರಕ್ಷತೆಯ ಟೀಕೆಯೂ ಬೆನ್ನು ಹತ್ತಿತು. 2010ರಲ್ಲಿ ಕಂಪನಿಯ ಬಹುಪಾಲು ಷೇರು ಮಹೀಂದ್ರಕ್ಕೆ ಹೋಯಿತು.

ನಮಗೆ ಸಣ್ಣ ಬದಲಾವಣೆಯೂ ಹೊಸ ಪರೀಕ್ಷೆಯ ಖರ್ಚು ತರಬಹುದು. ಹೀಗಾಗಿ ವಿನ್ಯಾಸ ಬದಲಾವಣೆಯ ಸಭೆಗಳಲ್ಲಿ ಈಗ ನಾನೂ ಕೂರುತ್ತೇನೆ. ಈಚೆಗೆ ಖರೀದಿ ವಿಭಾಗ ಅಗ್ಗದ ಬ್ಯಾಟರಿ ಸೆಲ್ ತಂದಿತು. ಪ್ರತಿ ಕಾರಿಗೆ ಒಳ್ಳೆಯ ಉಳಿತಾಯ. ಬ್ಯಾಟರಿ ಸುರಕ್ಷತೆಯ ಎಐಎಸ್-038 ಎಂಬ ಮಾನದಂಡದ ಪರೀಕ್ಷೆಗಳನ್ನು ಮತ್ತೆ ಮಾಡಿಸುವ ಶುಲ್ಕ, ಅದರ ಮೇಲೆ ಸಿಕ್ಕಿಬೀಳುವ ತೆರಿಗೆ, ಪ್ರಮಾಣಪತ್ರ ಬರುವವರೆಗಿನ ಸಂಬಳ, ಬಾಡಿಗೆ ಇವನ್ನು ಪಕ್ಕದ ಅಂಕಣದಲ್ಲಿ ಬರೆದೆ. ನಮ್ಮ ಎರಡು ವರ್ಷದ ಮಾರಾಟದಲ್ಲೂ ಆ ಉಳಿತಾಯ ಗಿಟ್ಟುವಂತಿರಲಿಲ್ಲ. ಸೆಲ್ ಬದಲಾವಣೆಯನ್ನು ಮುಂದಿನ ಮಾದರಿಗೆ ಮುಂದೂಡಿದೆವು.