ಸೋಸ್ಟ್ರೆಯ ಪುಸ್ತಕದಂಗಡಿ

ಎರಡು ದಿನದಿಂದ ಮಾರ್ಟಿನ್ ಸೋಸ್ಟ್ರೆ ತಲೆಯಲ್ಲೇ ಕೂತಿದ್ದಾರೆ. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಪಕ್ಷ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು, ಇವರ ಹೆಸರು ಗೊತ್ತಿಲ್ಲ ಅಲ್ವಾ? ಬೇಸರವಾಗುತ್ತದೆ.

ಅಮೆರಿಕದ ಬಫಲೋದಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದವರು. ಕಪ್ಪು ಹುಡುಗರು ಬಂದು ಓದುತ್ತಿದ್ದರು, ಮಾತಾಡುತ್ತಿದ್ದರು. 1967ರಲ್ಲಿ ಊರಲ್ಲಿ ದಂಗೆ ಎದ್ದಿತು. ಪೊಲೀಸರು ಅಂಗಡಿಗೆ ನುಗ್ಗಿ, ಸೋಸ್ಟ್ರೆ ಹೆರಾಯಿನ್ ಮಾರಿದರು ಅಂತ ಕೇಸು ಹಾಕಿದರು. 41 ವರ್ಷದವರೆಗಿನ ಶಿಕ್ಷೆ! ಆಮೇಲೆ ಮುಖ್ಯ ಸಾಕ್ಷಿಯೇ ತಾನು ಹೇಳಿದ್ದು ಸುಳ್ಳು ಎಂದ. ಆದರೂ ಬಿಡಲಿಲ್ಲ. ಹೊರಗೆ ಜನ ಹೋರಾಡಿದ ಮೇಲೆ, 1975ರ ಕೊನೆಗೆ ಗವರ್ನರ್ ಕ್ಷಮಾದಾನ ಕೊಟ್ಟರು.

ಒಳಗಿದ್ದಾಗಲೇ ಸೋಸ್ಟ್ರೆ ಅರಾಜಕತಾವಾದಿಯಾದರು, ಅಂದರೆ ಮೇಲೆ ಕೂತು ಆಳುವವರು ಬೇಡ, ಜನರೇ ಸೇರಿ ನಡೆಸಿಕೊಳ್ಳಲಿ ಎನ್ನುವವರು. ಜೈಲಿನಲ್ಲಿ ಸಿಕ್ಕಿದ ಲೊರೆಂಜೊ ಎರ್ವಿನ್ ಎಂಬ ಮಾಜಿ ಪ್ಯಾಂಥರ್‌ಗೂ ಆ ವಿಚಾರ ಹೇಳಿಕೊಟ್ಟರು. ಎರ್ವಿನ್ ಮುಂದೆ ಅದರ ಬಗ್ಗೆಯೇ ಬರೆದರು: ಮೇಲಿನ ನಾಯಕರು ಆಜ್ಞೆ ಕೊಟ್ಟು, ಕೆಳಗಿನವರು ಪಾಲಿಸುವ ಪಕ್ಷದ ಮೂಲಕ ಕಪ್ಪು ಜನರಿಗೆ ಬಿಡುಗಡೆ ಸಿಗುವುದಿಲ್ಲ.

ನನಗೆ ಈ ಮಾತು ನಿಜ ಅನಿಸುತ್ತದೆ. ಪ್ಯಾಂಥರ್ಸ್ ಮಕ್ಕಳಿಗೆ ಬೆಳಗಿನ ತಿಂಡಿ ಕೊಟ್ಟರು, ಉಚಿತ ಕ್ಲಿನಿಕ್ ತೆರೆದರು. ಅದು ಅಕ್ಕಪಕ್ಕದವರೇ ಸೇರಿ ಮಾಡಿದ ಕೆಲಸ. ಆದರೆ ನಾಯಕರು ಜೈಲು ಸೇರಿ, ತಮ್ಮತಮ್ಮಲ್ಲೇ ಒಡೆದುಹೋದಾಗ ಪಕ್ಷವೇ ಕುಸಿಯಿತು. ಸರ್ಕಾರಕ್ಕೆ ನಾಯಕರನ್ನು ಹಿಡಿಯುವುದು ಸುಲಭ. ಒಂದು ಕೇರಿಯ ಎಲ್ಲರನ್ನೂ ಹಿಡಿಯುವುದು ಕಷ್ಟ.

ಹೊರಬಂದ ಸೋಸ್ಟ್ರೆ ನ್ಯೂಯಾರ್ಕಿನಲ್ಲಿ ಬಾಡಿಗೆದಾರರನ್ನು ಸಂಘಟಿಸುವ ಕೆಲಸಕ್ಕೆ ಇಳಿದರು.