ಟೆಂಪೋ ಟ್ರೇನರ್ ಹಾಕಿಕೊಂಡ ಮೇಲೂ ಸ್ಟ್ರೋಕ್ ಎಣಿಸಲೇಬೇಕು

ಈಜು ಕಲಿಸೋದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರಿಗೆ ಈಜು ಬರುತ್ತೆ, ಆದರೆ ಟೈಮಿಂಗ್ ಒಂದೇ ಕಡೆ ನಿಂತುಬಿಟ್ಟಿರುತ್ತೆ. ಅಂಥವರಲ್ಲಿ ಕೆಲವರು ಟೆಂಪೋ ಟ್ರೇನರ್ ಕೊಂಡುಕೊಂಡೇ ಬರ್ತಾರೆ. ಫಿನಿಸ್ ಕಂಪನಿಯದು ಬಹಳ ಜನಕ್ಕೆ ಗೊತ್ತು. ಕೈಬೀಸುವ ಲಯಕ್ಕೆ ಬೀಪ್ ಕೊಡುವ ಸಣ್ಣ ಸಾಧನ, ಕ್ಯಾಪ್ ಒಳಗೆ ಕಿವಿ ಪಕ್ಕ ಸಿಕ್ಕಿಸಿಕೊಂಡರೆ ನೀರಿನೊಳಗೂ ಬೀಪ್ ಸ್ಪಷ್ಟವಾಗಿ ಕೇಳುತ್ತೆ. ಬೀಪ್‌ಗಳ ನಡುವಿನ ಅಂತರವನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ಹೊಂದಿಸಬಹುದು. ನಿಮಿಷಕ್ಕೆ ಇಷ್ಟು ಸ್ಟ್ರೋಕ್ (ಕೈಬೀಸು) ಅಂತಲೂ ಇಡಬಹುದು. ಫ್ರೀಸ್ಟೈಲ್‌ನಲ್ಲಿ ಸಾಮಾನ್ಯವಾಗಿ ಒಂದು ಬೀಪ್‌ಗೆ ಒಂದು ಕೈ ನೀರಿಗಿಳಿಯಬೇಕು.

ಇದನ್ನು ಹಾಕಿಕೊಂಡ ಕೂಡಲೇ ಬಹಳಷ್ಟು ಜನ ಬೀಪ್ ಜೋರಾಗಿ ಓಡಿಸಿ, ಅದರ ಹಿಂದೆ ಕೈ ಓಡಿಸ್ತಾರೆ. ಕೈಯೇನೋ ಬೇಗ ತಿರುಗುತ್ತೆ, ನೀರು ಮಾತ್ರ ಹಿಡಿತಕ್ಕೆ ಸಿಗಲ್ಲ. ಮೊಣಕೈ ಕುಸಿಯುತ್ತೆ, ಹಿಂದಕ್ಕೆ ತಳ್ಳೋದು ಸೊಂಟ ದಾಟುವ ಮೊದಲೇ ಮುಗಿದುಹೋಗುತ್ತೆ. ಸುಸ್ತು ಜಾಸ್ತಿ, ಗಡಿಯಾರದಲ್ಲಿ ಬದಲಾವಣೆ ಇಲ್ಲ.

ವೇಗ ಅಂದರೆ ನಿಮಿಷಕ್ಕೆ ಎಷ್ಟು ಸ್ಟ್ರೋಕ್, ಒಂದೊಂದು ಸ್ಟ್ರೋಕ್‌ಗೆ ಎಷ್ಟು ದೂರ, ಈ ಎರಡರ ಗುಣಾಕಾರ. ಬೀಪ್ ಹಿಡಿದಿಡೋದು ಮೊದಲನೆಯದನ್ನು ಮಾತ್ರ. ಎರಡನೆಯದು ಗೊತ್ತಾಗಬೇಕಾದರೆ ಎಣಿಸಬೇಕು. ಹಾಗಾಗಿ ನಾನು ಮೊದಲು ದಡದಲ್ಲಿ ನಿಂತು, ಅವರು ಆರಾಮಾಗಿ ಈಜುವಾಗ ಹತ್ತು ಸ್ಟ್ರೋಕ್‌ಗೆ ಎಷ್ಟು ಸೆಕೆಂಡ್ ಅಂತ ನೋಡಿ ಹತ್ತರಿಂದ ಭಾಗಿಸ್ತೀನಿ. ಅದು ಅವರ ಸಹಜ ಲಯ. ಅಲ್ಲಿಂದ ಸ್ವಲ್ಪ ನಿಧಾನಕ್ಕೆ ಇಳಿಸಿ, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರಿಸೋದು. ಪ್ರತಿ ಲ್ಯಾಪ್‌ಗೂ ಸ್ಟ್ರೋಕ್ ಎಣಿಕೆ ಬರೆದುಕೊಳ್ಳೋದು.

ಒಬ್ಬ ಈಜುಗಾರ, 25 ಮೀಟರ್ ಕೊಳ ಅಂದುಕೊಳ್ಳಿ, ಗೋಡೆ ಒದ್ದು ಜಾರುವ ದೂರ ಪ್ರತಿ ಸಲ ಒಂದೇ. 1.30 ಸೆಕೆಂಡ್ ಅಂತರದಲ್ಲಿ 18 ಸ್ಟ್ರೋಕ್ ಆದರೆ ಕೈಬೀಸಿಗೆ ಹೋದ ಸಮಯ 23.4 ಸೆಕೆಂಡ್. 1.20ಕ್ಕೆ ತಂದಾಗ 19 ಸ್ಟ್ರೋಕ್ ಆಯ್ತು, 22.8 ಸೆಕೆಂಡ್. ಒಂದು ಸ್ಟ್ರೋಕ್ ಹೆಚ್ಚಾದರೂ ಲಾಭ. 1.10ಕ್ಕೆ ಬಂದಾಗ 21 ಆದರೆ? 23.1. ಕೈ ಚುರುಕಾಯ್ತು, ಮನುಷ್ಯ ನಿಧಾನವಾದ. ಸದ್ಯಕ್ಕೆ ಈತ ಕೆಲಸ ಮಾಡಬೇಕಾದ ಜಾಗ 1.20ರ ಆಸುಪಾಸು. 1.10ರಲ್ಲಿ 20 ಸ್ಟ್ರೋಕ್‌ನಲ್ಲಿ ದಾಟುವಷ್ಟು ನೀರು ಹಿಡಿಯೋದು ಕಲಿತರೆ ಅದು 22 ಸೆಕೆಂಡ್, ಆಗ ಆ ಮೆಟ್ಟಿಲು ಅವನದು. ಈ ನಾಲ್ಕು ಸಾಲಿನ ಗುಣಾಕಾರವನ್ನು ಬೋರ್ಡ್ ಮೇಲೆ ಬರೆದು ತೋರಿಸಿದರೆ, ನಾನು ಗಂಟಲು ಹರಿಯುವಂತೆ ಕೂಗಿದ್ದಕ್ಕಿಂತ ಹೆಚ್ಚು ಕೆಲಸ ಆಗುತ್ತೆ.

ಇನ್ನೊಂದು ಗುಂಪಿದೆ, ಅವರ ಕಾಯಿಲೆ ಉಲ್ಟಾ. ಕಡಿಮೆ ಸ್ಟ್ರೋಕ್‌ನಲ್ಲಿ ದಾಟೋದೇ ದೊಡ್ಡಸ್ತಿಕೆ ಅಂತ ನಂಬಿದವರು. ಮುಂದೆ ಚಾಚಿದ ಕೈ ಅಲ್ಲೇ ಕಾಯ್ತಾ ಇರುತ್ತೆ. ನೀರಿನೊಳಗಿಂದ ನೋಡಿದರೆ ಮಣಿಕಟ್ಟು ಮೇಲಕ್ಕೆ ಬಾಗಿ, ಅಂಗೈ ಮುಂದಕ್ಕೆ ತಿರುಗಿ ಬ್ರೇಕ್ ಹಾಕ್ತಿರುತ್ತೆ. ಅಷ್ಟರಲ್ಲಿ ವೇಗ ಸತ್ತು, ಮುಂದಿನ ಸ್ಟ್ರೋಕ್ ಮತ್ತೆ ಮೊದಲಿಂದ ದೇಹ ಎಳೆಯಬೇಕು. ನೀರಿನ ಪ್ರತಿರೋಧ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಹಾಗಾಗಿ ಏರಿಳಿತದ ಈಜು ಒಂದೇ ಸಮ ಈಜುವುದಕ್ಕಿಂತ ದುಬಾರಿ. ಇಂಥವರಿಗೆ ಬೀಪ್‌ಗೆ ಕೈ ಇಳಿಸಿ ಅನ್ನಲ್ಲ. ಬೀಪ್ ಕೇಳಿದಾಗ ಮುಂದೆ ಚಾಚಿದ ಕೈ ನೀರು ಹಿಡಿಯೋಕೆ ಶುರು ಮಾಡಬೇಕು ಅಂತೀನಿ. ಬೀಪ್ ಅಂತರವನ್ನು ಒಂದು ಸಲಕ್ಕೆ 0.02, 0.03 ಸೆಕೆಂಡ್ ಅಷ್ಟೇ ಇಳಿಸೋದು. ಅಷ್ಟು ಚಿಕ್ಕ ಬದಲಾವಣೆ ಅವರ ಗಮನಕ್ಕೇ ಬರಲ್ಲ, ಆದರೆ ಕೈ ಕಾಯೋದು ಕರಗುತ್ತಾ ಬರುತ್ತೆ.

ಬೀಪ್ ತಪ್ಪೋದು ಸಾಮಾನ್ಯವಾಗಿ ಉಸಿರು ತೆಗೆದುಕೊಳ್ಳುವ ಸ್ಟ್ರೋಕ್‌ನಲ್ಲೇ. ಮುಖ ನೀರಿನಲ್ಲಿರುವಾಗ ಉಸಿರು ಬಿಡದೆ, ತಲೆ ಹೊರಗೆ ಬಂದ ಮೇಲೆ ಬಿಡೋದು, ಎಳೆಯೋದು ಎರಡನ್ನೂ ಮಾಡೋಕೆ ಹೋದರೆ ತಡ ಆಗದೆ ಇರುತ್ತಾ? ಕೈ ಸರಿಮಾಡುವ ಮೊದಲು ಅದನ್ನೇ ಸರಿಮಾಡಬೇಕು. ಗೋಡೆ ಹತ್ತಿರ ತಿರುಗುವ (ಟರ್ನ್) ಹೊತ್ತಲ್ಲಿ ಬರುವ ಬೀಪ್‌ಗಳನ್ನು ಕಿವಿಗೆ ಹಾಕಿಕೊಳ್ಳೋದೇ ಬೇಡ, ಹೊರಬಂದು ಮೊದಲ ಸ್ಟ್ರೋಕ್‌ನಿಂದ ಲಯ ಹಿಡಿದರೆ ಸಾಕು. ಹಾಂ, ಪಕ್ಕದ ಲೇನ್‌ನವರ ನಂಬರ್ ಕೇಳಿಕೊಂಡು ಬಂದು ತಮಗೂ ಅದೇ ಇಡಿ ಅನ್ನೋರು ಇರ್ತಾರೆ. ಕೈ ಉದ್ದ ಬೇರೆ, ಎತ್ತರ ಬೇರೆ, ಕಾಲೊದೆತ ಬೇರೆ; ನಂಬರ್ ಮಾತ್ರ ಒಂದೇ ಯಾಕಿರಬೇಕು?

ಈಜಿನ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಅಕ್ವಾಟಿಕ್ಸ್ ನಿಯಮದ ಪ್ರಕಾರ ಕೊಳದ ಸ್ಪರ್ಧೆಯಲ್ಲಿ ವೇಗ ಹಿಡಿದುಕೊಡುವ ಯಾವ ಸಾಧನಕ್ಕೂ ಅವಕಾಶ ಇಲ್ಲ. ಅದಕ್ಕೇ ಒಂದು ಲ್ಯಾಪ್ ಬೀಪ್ ಜೊತೆ, ಮುಂದಿನದು ಬೀಪ್ ಇಲ್ಲದೆ ಮಾಡಿಸ್ತೀನಿ, ದಡದಿಂದ ಮತ್ತೆ ಹತ್ತು ಸ್ಟ್ರೋಕ್ ಅಳೀತೀನಿ. ಬೀಪ್ ಇಲ್ಲದ ಲ್ಯಾಪ್‌ನಲ್ಲಿ ಲಯ 0.05 ಸೆಕೆಂಡ್‌ಗಿಂತ ಹೆಚ್ಚು ಸರಿದರೆ, ಇಲ್ಲವೇ ಸ್ಟ್ರೋಕ್ ಎಣಿಕೆ ಏರಿದರೆ, ಅವತ್ತು ಮುಂದಿನ ಮೆಟ್ಟಿಲು ಇಲ್ಲ.