ಅಪ್ಪ ಹೂವಿನ ಅಂಗಡಿ ಮುಂದೆ ಯಾಕೆ ನಿಲ್ಲುತ್ತಿದ್ದರು

ಹನುಮಂತನಗರದಿಂದ ಗಾಂಧಿ ಬಜಾರಿಗೆ ಅಪ್ಪ ನಡೆದೇ ಹೋಗುವವರು. ಕಳೆದ ವರ್ಷ ದಾರಿಯಲ್ಲಿ ನಿಲ್ಲೋದು ಜಾಸ್ತಿಯಾಯಿತು. ಹೂವಿನ ರಾಶಿ ಮುಂದೆ ನಿಂತು ಸೇವಂತಿಗೆ ಮೊಳ ಎಷ್ಟು ಅಂತ ಕೇಳುವರು, ಕೊಳ್ಳುತ್ತಿರಲಿಲ್ಲ. ಎರಡು ನಿಮಿಷ ಬಿಟ್ಟು ಮತ್ತೆ ಹೊರಡುವರು. ಚೌಕಾಸಿ ಚಟ ಅಂತ ಅಮ್ಮ ರೇಗುತ್ತಿದ್ದಳು. ಎಡಗಾಲಿನ ಮೀನಖಂಡ ಹಿಂಡಿದ ಹಾಗಾಗುತ್ತದೆ, ನಿಂತರೆ ಬಿಡುತ್ತದೆ ಅಂತ ಅವರು ಬಾಯಿಬಿಟ್ಟಿದ್ದು ಎಷ್ಟೋ ತಿಂಗಳ ಮೇಲೆ.

ಒಂದು ಕ್ಲಿನಿಕ್ಕಿನಲ್ಲಿ ವಯಸ್ಸಾಯಿತು ಅಂದರು. ವಿಟಮಿನ್ ಮಾತ್ರೆಯಲ್ಲೇ ಆರು ತಿಂಗಳು ಹೋಯಿತು. ಪಾದ ಮುಟ್ಟಿ ನಾಡಿ ನೋಡಿದವರೇ ಇಲ್ಲ! ರಕ್ತನಾಳದ ಡಾಕ್ಟರ್ ಮೊದಲು ಮಾಡಿದ್ದೇ ಅದು. ಆಮೇಲೆ ತೋಳಿಗೂ ಕಣಕಾಲಿಗೂ ಬಿಪಿ ಪಟ್ಟಿ ಸುತ್ತಿದರು. ಕಾಲಿನ ಒತ್ತಡವನ್ನು ತೋಳಿನದರಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಬಾರದು. ಅಪ್ಪನದು 0.5. ಸಿಗರೇಟು, ಸಕ್ಕರೆ ಕಾಯಿಲೆ ಎರಡೂ ಸೇರಿ ತೊಡೆಯ ರಕ್ತನಾಳ ಕಟ್ಟಿಕೊಂಡಿತ್ತು.

ಬರೀ ನಡೆಯುವಾಗಿನ ನೋವಾಗಿದ್ದರೆ ಮೊದಲು ಮಾತ್ರೆ ಕೊಟ್ಟು, ಸಿಗರೇಟು ಬಿಡಿಸಿ, ದಿನಾ ನಡೆಸುತ್ತಿದ್ದರಂತೆ. ಆದರೆ ಕಾಲಿನ ಹೆಬ್ಬೆರಳಿನ ಗಾಯ ಮಾಯ್ದಿರಲಿಲ್ಲ. ರಕ್ತವೇ ಹೋಗದ ಕಡೆ ಗಾಯ ಹೇಗೆ ಮಾಯುತ್ತದೆ?

ಆಂಜಿಯೋಪ್ಲಾಸ್ಟಿ, ಅಂದರೆ ಕಟ್ಟಿದ ರಕ್ತನಾಳವನ್ನು ಒಳಗಿನಿಂದಲೇ ಬಿಡಿಸುವುದು, ಮಾಡಬೇಕು ಅಂದಾಗ ಮನೆಗೆ ಬಂದವರೆಲ್ಲ ಕೇಳಿದರು, ಅದು ಹೃದಯಕ್ಕೆ ಅಲ್ವಾ? ಮೊದಲು ಶುರುವಾಗಿದ್ದೇ ಕಾಲಿನಿಂದ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 82 ವರ್ಷದ ಅಜ್ಜಿಯೊಬ್ಬರು ಕಾಲು ಕತ್ತರಿಸಲು ಬಿಡಲಿಲ್ಲ. ಚಾರ್ಲ್ಸ್ ಡಾಟರ್ ಎಂಬ ಡಾಕ್ಟರ್ ಅವರ ತೊಡೆಯ ನಾಳಕ್ಕೆ ಕೊಳವೆ ತೂರಿಸಿ ದಾರಿ ಬಿಡಿಸಿದರು. ಊದಿ ನಾಳ ಹಿಗ್ಗಿಸುವ ಬಲೂನ್ ಆಗಿನ್ನೂ ಇರಲಿಲ್ಲ. ಹೃದಯದ ಸರದಿ ಬಂದಿದ್ದು 1977ರಲ್ಲಿ.

ಅಪ್ಪ ಪೂರ್ತಿ ಎಚ್ಚರವಾಗಿದ್ದರು. ಬಲ ತೊಡೆಸಂದಿಗೆ ಮರಗಟ್ಟುವ ಇಂಜೆಕ್ಷನ್, ಅಲ್ಲೇ ಒಂದು ಸಣ್ಣ ತೂತು. ತಂತಿ ಅಲ್ಲಿಂದ ಮೇಲೆ ಹತ್ತಿ, ಹೊಕ್ಕುಳ ಹತ್ತಿರ ದೊಡ್ಡ ನಾಳ ಕವಲಾಗುವಲ್ಲಿ ತಿರುಗಿ, ಎಡಗಾಲಿಗೆ ಇಳಿಯಿತಂತೆ. "ಮೆಜೆಸ್ಟಿಕ್‌ಗೆ ಹೋಗಿ ಬಸ್ ಬದಲಾಯಿಸಿದ ಹಾಗೆ ಕಣೋ" ಅಂದರು. ಕಟ್ಟಿದ ಜಾಗದಲ್ಲಿ ಬಲೂನ್ ಊದಿ, ನಾಳ ಮತ್ತೆ ಕುಗ್ಗದಿರಲಿ ಅಂತ ನಿಕಲ್-ಟೈಟಾನಿಯಂ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಇಟ್ಟರು. ಬಲೂನ್ ಊದಿದಾಗ ತೊಡೆ ಬಿಗಿಯಿತು, ಅಷ್ಟೇ. ಅವರು ಗೋಳಾಡಿದ್ದು ಆಮೇಲೆ. ತೂತು ಮಾಡಿದ ಕಡೆ ರಕ್ತ ಬರಬಾರದು ಅಂತ ಗಂಟೆಗಟ್ಟಲೆ ಕಾಲು ಮಡಚದೆ ಮಲಗಿಸಿದ್ದರು. ಕಾಫಿ ಕೂಡ ಮಲಗಿಕೊಂಡೇ, ಸ್ಟ್ರಾದಲ್ಲಿ!

ಮಾರನೇ ದಿನ ಮನೆಗೆ ಬಂದರು. ಬೆರಳಿನ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಸ್ಟೆಂಟ್ ಒಳಗೂ ಮತ್ತೆ ಕಟ್ಟಿಕೊಳ್ಳಬಹುದು, ಹಾಗಾಗಿ ಮುಂದಿನ ತಿಂಗಳು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಇದೆ. ಷರ್ಟಿನ ಜೇಬಿನಲ್ಲಿ ಈಗ ಲವಂಗ ಮಾತ್ರ ಅಂತ ಹೇಳುತ್ತಾರೆ. ನಾನಿನ್ನೂ ಜೇಬು ನೋಡಿಲ್ಲ.